ಗುಂಡಿ ಮೇಡಂ ಹೇಳದೇ ಇದ್ದ ಮಾತು

ಕಾಲೇಜಿಗೆ ಹೊಸದಾಗಿ ಸೇರಿದವರೆಲ್ಲ, ಗುಂಡಿ ಮೇಡಂ ಅಂದರೆ ರಸ್ತೆಯ ಗುಂಡಿಗಳ ಮೇಲೆ ಸಂಶೋಧನೆ ಮಾಡಿದವರು ಎಂದುಕೊಳ್ಳುತ್ತಿದ್ದರು. ಅವಳು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಅವಳದು ಅಂಗಿಯ ಗುಂಡಿ. ವಾಣಿಜ್ಯ ವಿಭಾಗದಲ್ಲಿ ಪಾಠ ಹೇಳುತ್ತಿದ್ದ ಅವಳು, ಮೂವತ್ತರ ಹರೆಯದಲ್ಲಿ ಎರಡು ವರ್ಷ ಒಂದು ಗುಂಡಿ ಕಾರ್ಖಾನೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ಒಂದು ಉದ್ಯಮ ಚೆನ್ನಾಗಿ ನಡೆಯುತ್ತಿದೆ ಎಂದು ಯಾವುದರಿಂದ ಅಳೆಯಬೇಕು? ಇಷ್ಟೇ ಅವಳ ಪ್ರಶ್ನೆ.

ಆ ಎರಡು ವರ್ಷ ನೆನೆದರೆ ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊತ್ತಿನ ಹಾಗೆ ಅನಿಸುತ್ತಿತ್ತು. ಗುಂಡಿಗಳಿಗೆ ಹೊಳಪು ಕೊಡುವ ಮರದ ಪೀಪಾಯಿಗಳು ದಿನವಿಡೀ ನಿಧಾನವಾಗಿ ಉರುಳುತ್ತಿದ್ದವು. ದೂರದಲ್ಲೆಲ್ಲೋ ಸಮುದ್ರ ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡಂಥ ಸದ್ದು. ಗುಂಡಿ ಕೊರೆಯುವ ಚಿಪ್ಪಿನ ಬಿಳಿ ಧೂಳು ಕಿಟಕಿಯ ಬಿಸಿಲಿನಲ್ಲಿ ಏಳುತ್ತಿತ್ತು, ಇಳಿಯುವುದನ್ನೇ ಮರೆತುಬಿಡುತ್ತಿತ್ತು. ಉದ್ದನೆಯ ಮೇಜಿನ ಎರಡೂ ಬದಿ ಕೂತ ಹನ್ನೊಂದು ಹೆಂಗಸರು ಒಳ್ಳೆಯ ಗುಂಡಿಯನ್ನು ಒಂದು ಕಡೆ, ಸೀಳು ಬಿಟ್ಟದ್ದನ್ನು ಇನ್ನೊಂದು ಕಡೆ ಸರಿಸುತ್ತಿದ್ದರು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ ಆರಿಸುತ್ತಿದ್ದಳು.

"ಕಣ್ಣು ಮೋಸ ಮಾಡತ್ತೆ ಕಣೇ. ಬೆರಳಿಗೆ ಸುಳ್ಳು ಹೇಳೋಕೆ ಬರಲ್ಲ," ಎನ್ನುತ್ತಿದ್ದಳು.

ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ಅದರಲ್ಲಿ ದಿನಕ್ಕೆ ಮೂರೇ ಅಂಕಿ: ಎಷ್ಟು ಗುಂಡಿ ಆಯಿತು, ಎಷ್ಟು ಕೆಟ್ಟಿದೆ ಎಂದು ವಾಪಸ್ ಬಂತು, ಎಷ್ಟು ಜನ ರಜೆ. ಮಾಲೀಕ ಎಲ್ಲೋ ಭಾಷಣ ಕೇಳಿ ಬಂದವನೇ ಮೂರನ್ನು ಇಪ್ಪತ್ತೊಂದು ಮಾಡಿದ. ಗಂಟೆಗೆ ಎಷ್ಟು, ತಲೆಗೆ ಎಷ್ಟು, ನೀರು ಕುಡಿಯಲು ಎದ್ದದ್ದು ಎಷ್ಟು ಸಲ, ಎಲ್ಲವೂ ಹಲಗೆ ಏರಿತು. ಕೈಗಳು ಚುರುಕಾದವು, ವಾಪಸ್ ಬರುವ ಗುಂಡಿಯೂ ಹೆಚ್ಚಿತು. ದೊಡ್ಡಮ್ಮ ಕಣ್ಣು ಬಿಟ್ಟುಕೊಂಡು ಹಲಗೆ ನೋಡತೊಡಗಿದಳು. ಗೋಡೆಗೆ ಸುಣ್ಣ ಬಳಿಯಲೆಂದು ಮೂರು ವಾರ ಹಲಗೆ ಇಳಿಸಿದಾಗ ವಾಪಸ್ ಬರುವ ಗುಂಡಿ ಅರ್ಧಕ್ಕರ್ಧ ಇಳಿಯಿತು. ಮೇಡಂ ತನ್ನ ಲೇಖನದಲ್ಲಿ ಬರೆದಳು: ಅಳತೆ ಕೆಲವೇ ಇರಲಿ. ಹೆಚ್ಚಾದರೆ ಜನ ಕೆಲಸ ಬಿಟ್ಟು ಅಳತೆಯನ್ನೇ ಸಾಕುತ್ತಾರೆ.

ಲೇಖನ ಸಣ್ಣದೊಂದು ಪತ್ರಿಕೆಯಲ್ಲಿ ಅಚ್ಚಾಯಿತು. ಹತ್ತು ವರ್ಷ ಯಾರೂ ಮೂಸಿ ನೋಡಲಿಲ್ಲ. ವಿದ್ವಾಂಸರ ಲೋಕದಲ್ಲಿ, ನಿಮ್ಮ ಲೇಖನವನ್ನು ಬೇರೆಯವರು ತಮ್ಮ ಬರಹದಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎನ್ನುವುದೇ ನಿಮ್ಮ ತೂಕ. ಅವಳ ತೂಕ ಒಂದು. ಅದೂ ಅವಳೇ ಇನ್ನೊಂದು ಲೇಖನದಲ್ಲಿ ಹಾಕಿಕೊಂಡದ್ದು.

"ನಿನ್ನ ಬೆನ್ನು ನೀನೇ ತಟ್ಟಿಕೊಂಡಿದೀಯ," ಎಂದು ಬಟ್ಟೆ ಹೊಲಿಯುತ್ತಿದ್ದ ಅಕ್ಕ ನಕ್ಕಿದ್ದಳು.

ಹನ್ನೊಂದನೇ ವರ್ಷ ಲೈಬ್ರರಿಯವರು ಮೆಟ್ಟಿಲ ಬಳಿ ಅವಳನ್ನು ತಡೆದರು. "ಮೇಡಂ, ಕಾಫಿ ಕೊಡಿಸ್ಬೇಕು ನೀವು! ನೂರ ನಲವತ್ತು ಜನ ನಿಮ್ಮ ಗುಂಡಿ ಲೇಖನ ಉಲ್ಲೇಖ ಮಾಡಿದಾರೆ."

ಒಂದು ವಾರ ಅವಳ ಕಾಲು ನೆಲ ಮುಟ್ಟಲಿಲ್ಲ. ಪಾಠ ಹೇಳುತ್ತಲೇ ಮನಸ್ಸು ಗುರುತಿಲ್ಲದ ಊರುಗಳಿಗೆ ಹೋಗುತ್ತಿತ್ತು. ಅಲ್ಲಿ ಯಾರೋ ಕಿಟಕಿ ಪಕ್ಕ ಕೂತು ತನ್ನ ಪುಟ ತಿರುವುತ್ತಿದ್ದಾರೆ, ಆ ಕೋಣೆಯಲ್ಲೂ ಪೀಪಾಯಿಗಳು ಉರುಳುತ್ತಿವೆ, ಆ ಬಿಸಿಲಲ್ಲೂ ಬಿಳಿ ಧೂಳು ತೇಲುತ್ತಿದೆ ಅನಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ಆ ಲೇಖನಗಳನ್ನು ಓದಲು ಕೂತಳು. ಮೊದಲನೆಯದು ಹೆಸರಾಂತ ಪ್ರೊಫೆಸರೊಬ್ಬರದು. 'ಅಳತೆಗಳು ಹೆಚ್ಚಿದಷ್ಟೂ ಕೆಲಸ ಸುಧಾರಿಸುತ್ತದೆ ಎಂದು ಗುಂಡಿ ಕಾರ್ಖಾನೆಯ ಅಧ್ಯಯನ ತೋರಿಸಿದೆ' ಎಂದಿತ್ತು. ಎರಡನೆಯದರಲ್ಲೂ ಅದೇ, ಮೂವತ್ತನೆಯದರಲ್ಲೂ ಅದೇ. ಎಪ್ಪತ್ತನಾಲ್ಕನೇ ಪುಟ ಎನ್ನಬೇಕಾದಲ್ಲಿ ಎಲ್ಲರೂ ನಲವತ್ತೇಳು ಎಂದಿದ್ದರು. ಅವಳಿಗೆ ಅರ್ಥವಾಯಿತು: ಒಬ್ಬರು ತಪ್ಪಿದ್ದರು, ಉಳಿದವರು ಅವರನ್ನು ನೋಡಿ ಇಳಿಸಿಕೊಂಡಿದ್ದರು. ಅವಳ ಲೇಖನವನ್ನು ಯಾರೂ ತೆರೆದೇ ಇರಲಿಲ್ಲ.

ಅವಳ ಬಡ್ತಿಯ ಅರ್ಜಿ ಆಗ ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಅವಳು ಹೋಗಿ ವಿಷಯ ಹೇಳಿದಳು.

"ಹೊಗಳಿದ್ರೋ, ಬೈದ್ರೋ, ತಪ್ಪು ಹೇಳಿದ್ರೋ, ಎಣಿಕೆಗೆ ಎಲ್ಲಾ ಒಂದೇ ಅಮ್ಮ," ಎಂದರು ಮುಖ್ಯಸ್ಥರು. "ಸುಮ್ನೆ ಸಹಿ ಹಾಕಿ."

ಸಹಿ ಹಾಕದೆ ಅವಳು ದೊಡ್ಡಮ್ಮನ ಮನೆ ಹುಡುಕಿಕೊಂಡು ಹೋದಳು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದ ದೊಡ್ಡಮ್ಮ ಜಗುಲಿಯ ಮೇಲೆ ಕಣ್ಣು ಮುಚ್ಚಿ ಬೆಳಗಿನ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು.

"ಹಾಗಂದ್ರೆ, ಆ ಹಲಗೆ ನೋಡ್ಕೊಂಡು ನಾನು ಚೆನ್ನಾಗಿ ಕೆಲಸ ಮಾಡ್ದೆ ಅಂತ ಊರೂರಲ್ಲಿ ಹೇಳ್ತಿದಾರಾ?"

"ಹೂಂ ದೊಡ್ಡಮ್ಮ."

"ಆ ಹಲಗೆ ಬಂದ್ಮೇಲೆ ನನ್ನ ಬೆರಳೇ ಮಂಕಾಗೋಯ್ತು. ನೀನೇ ಕಣ್ಣಾರೆ ನೋಡಿದೀಯಲ್ಲೇ." ಮಡಿಲಲ್ಲಿದ್ದ ಅವಳ ಬೆರಳುಗಳು ಇಲ್ಲದ ಗುಂಡಿಯನ್ನು ಸವರುತ್ತಿದ್ದವು.

ಮೇಡಂ ಪತ್ರಿಕೆಗೆ ಎರಡು ಪುಟದ ಟಿಪ್ಪಣಿ ಕಳಿಸಿದಳು: ನಾನು ಹೀಗೆ ಹೇಳಿಲ್ಲ, ಇದಕ್ಕೆ ತದ್ವಿರುದ್ಧ ಹೇಳಿದ್ದೇನೆ. ಅರ್ಜಿಯಲ್ಲಿ ಉಲ್ಲೇಖಗಳ ಸಂಖ್ಯೆ ಬರೆಯುವಲ್ಲಿ 'ಓದಿ ಬರೆದವರು ಯಾರೂ ಸಿಕ್ಕಿಲ್ಲ' ಎಂದು ತುಂಬಿದಳು. ಬಡ್ತಿ ಬರಲಿಲ್ಲ. ಅಕ್ಕ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಾನೇ ಹೊಲಿದ ನೀಲಿ ಕುಪ್ಪಸ ತಂದು ಕೈಗಿಟ್ಟು, "ಹುಚ್ಚಿ" ಎಂದಳು. ಹೆಸರಾಂತ ಪ್ರೊಫೆಸರರಿಂದಲೂ ಕಾಗದ ಬಂತು. ನೆನಪಿನಿಂದ ಬರೆದೆ, ಕ್ಷಮಿಸಿ, ತಿದ್ದುತ್ತೇನೆ ಎಂದಿದ್ದರು. ತಿದ್ದಿದರು ಕೂಡ. ಬಾಕಿಯವರು ತಮ್ಮ ಪಾಡಿಗೆ ಆ ತಪ್ಪನ್ನೇ ಬರೆಯುತ್ತಾ ಹೋದರು.

ಎರಡು ವರ್ಷ ಕಳೆದ ಮೇಲೆ ಬೇರೆ ಊರಿನ ಸಂಶೋಧಕಿಯೊಬ್ಬಳ ಫೋನು ಬಂತು. "ಮೇಡಂ, ನಿಮ್ಮ ಟಿಪ್ಪಣಿ ಓದ್ದೆ. ಆಮೇಲೆ ಮೂಲ ಲೇಖನ ಎರಡು ಸಲ ಓದ್ದೆ. ನಾನೊಂದು ಬೇಕರಿ ಬಗ್ಗೆ ಕೆಲಸ ಮಾಡ್ತಿದೀನಿ. ಒಂದಿನ ಬರ್ತೀರಾ?"

ಅವಳು ರಜೆ ಹಾಕಿ, ನೀಲಿ ಕುಪ್ಪಸ ತೊಟ್ಟು ರೈಲು ಹತ್ತಿದಳು. ಬೇಕರಿಯ ಒಳಮನೆಯಲ್ಲಿ ಬಿಸಿ ಬ್ರೆಡ್ಡಿನ ಘಮ ತೂಕಡಿಕೆ ತರುವ ಹಾಗಿತ್ತು. ಹಿಟ್ಟು ನಾದುವವನ ಭುಜ ಏಳುತ್ತಿತ್ತು, ಇಳಿಯುತ್ತಿತ್ತು. ಸಂಶೋಧಕಿ ನೋಟ್‌ಬುಕ್ ತೆರೆದು ಪಿಸುಗುಟ್ಟಿದಳು: "ಇಲ್ಲಿ ಯಾವುದನ್ನ ಅಳೀಬೇಕು, ಹೇಳಿ."

"ಗೊತ್ತಿಲ್ಲಮ್ಮ. ಮೊದಲು ಸ್ವಲ್ಪ ದಿನ ಸುಮ್ನೆ ನೋಡೋಣ," ಎಂದು ಅವಳು ಗೋಡೆಗೊರಗಿ ಕೂತಳು. ಸಂಶೋಧಕಿ ನೋಟ್‌ಬುಕ್ ಮುಚ್ಚಿ ಪಕ್ಕದಲ್ಲೇ ಕೂತಳು. ಒಲೆಯ ಬಾಗಿಲು ತೆರೆದು ಮುಚ್ಚಿತು. ಇಬ್ಬರ ಮುಖದ ಮೇಲೂ ಬಿಸಿ ಗಾಳಿ ಹಾದುಹೋಯಿತು.