ನೀಲಗಿರಿ ಮರಕ್ಕೆ ಸುತ್ತಿದ ತಗಡು

ಕ್ಲೆಮ್ ಟ್ರೆಂಬತ್ತನ ಕೈಯಿಂದ ಹೊರಟ ತಗಡು ಯಾರ ಬೆರಳನ್ನೂ ಕೊಯ್ದದ್ದಿಲ್ಲ. ಮೆಲ್ಬರ್ನ್ ನಗರದ ಉತ್ತರಕ್ಕಿರುವ ಕೋಬರ್ಗ್ ಬಡಾವಣೆಯಲ್ಲಿ, ಅವನು ವಾಸವಾಗಿದ್ದ ಬೀದಿಯ ಅರ್ಧದಷ್ಟು ಮನೆಗಳ ಸೂರಿಗೆ ಮಳೆನೀರಿನ ದೋಣಿಗಳನ್ನು ಕಟ್ಟಿದವನು ಅವನೇ. ಮೀಸೆ ಮೂಡುವ ಮೊದಲೇ ತಗಡುಕತ್ತರಿಯನ್ನು ಹಿಡಿದವನು, ತಲೆ ಪೂರ್ತಿ ನರೆತ ಮೇಲೆಯೇ ಅದನ್ನು ಕೆಳಗಿಟ್ಟದ್ದು. ಅಂಚನ್ನು ಮಡಚಿ, ಮಡಚಿದ್ದನ್ನು ಮರದ ಸುತ್ತಿಗೆಯಿಂದ ತಟ್ಟಿ, ತಟ್ಟಿದ್ದರ ಮೇಲೆ ಅರವನ್ನಾಡಿಸಿ, ಕಟ್ಟಕಡೆಗೆ ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನು ಉದ್ದಕ್ಕೂ ಎಳೆದು ನೋಡುವನು. ಬೆರಳು ಎಲ್ಲಿಯೂ ತಡೆಯದೆ ಜಾರಿತೆಂದರೆ ಮಾತ್ರ ಆ ಕೆಲಸ ಮುಗಿಯಿತು. ಮಾತು ಕಡಿಮೆಯಾದ ಆ ಮನುಷ್ಯನಿಗೆ ಹೆಮ್ಮೆಯೆಂಬುದೊಂದು ಇದ್ದಿದ್ದರೆ ಅದು ಆ ನುಣುಪಿನಲ್ಲಿತ್ತು.

"ನಮ್ಮ ಮದುವೆ ಉಂಗುರಕ್ಕೂ ಅರ ಹಾಕಿದ್ದ ಕಣೇ ಇವನು," ಎಂದು ಅವನ ಹೆಂಡತಿ ನೋಲಾ ಪಕ್ಕದ ಮನೆಯವಳಿಗೆ ಹೇಳಿ ನಗುತ್ತಿದ್ದಳು. "ಎಷ್ಟು ನುಣ್ಣಗಿತ್ತು ಅಂದ್ರೆ ಒಂದು ವಾರದಲ್ಲಿ ಎರಡು ಸಲ ಪಾತ್ರೆ ತೊಳೆಯೋ ನೀರಿಗೆ ಬಿತ್ತು."

ಪಕ್ಕದ ಮನೆಯವಳು ಕಾರ್ಮೆನಾ. ಮಾಲ್ಟಾ ದ್ವೀಪದಿಂದ ಹಡಗಿನಲ್ಲಿ ಚಿಕ್ಕಂದಿನಲ್ಲಿ ತಾಯಿಯ ಕೈ ಹಿಡಿದು ಬಂದವಳು, ಗಂಡ ತೀರಿಹೋಗಿದ್ದ. ಜೊತೆಗೆ ಝೆಪ್ಪು ಎಂಬ ಕಂದುಬಣ್ಣದ ಮುದಿ ನಾಯಿ. ಎರಡು ಮನೆಗಳ ನಡುವಿನ ಬೇಲಿಯಲ್ಲಿ ಹಲಗೆಯೊಂದು ಬಹುಕಾಲದ ಹಿಂದೆಯೇ ಬಿದ್ದುಹೋಗಿತ್ತು. ಅದನ್ನು ಮತ್ತೆ ಬಡಿಯಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಆ ಕಂಡಿಯಲ್ಲಿ ನಾಯಿ ಓಡಾಡುತ್ತಿತ್ತು, ನಿಂಬೆಹಣ್ಣು ಓಡಾಡುತ್ತಿತ್ತು, ಸುದ್ದಿಯೂ ಓಡಾಡುತ್ತಿತ್ತು.

ಕ್ಲೆಮ್ಮನ ಹಿತ್ತಿಲಿನಲ್ಲಿ ಬೇಲಿಯ ಬದಿಗೇ ಒಂದು ಹಳೆಯ ನೀಲಗಿರಿ ಮರವಿತ್ತು. ಅದರ ಪೊಟರೆಯಲ್ಲಿ ಒಂದು ಹೆಣ್ಣು ಪಾಸಮ್ ಮನೆ ಮಾಡಿಕೊಂಡಿತ್ತು. ಬೆಕ್ಕಿಗಿಂತ ತುಸು ದಪ್ಪ, ಪೊದೆಯಂತಹ ಕಪ್ಪು ಬಾಲ, ಗುಲಾಬಿಬಣ್ಣದ ಮೂಗು. ಹೊಟ್ಟೆಯ ಚೀಲದಲ್ಲಿ ವರ್ಷಕ್ಕೊಂದು ಮರಿ. ನೋಲಾ ಅದನ್ನು 'ಮೇಲ್ಮನೆಯವಳು' ಎನ್ನುತ್ತಿದ್ದಳು. ಹಗಲೆಲ್ಲ ಮಲಗಿದ್ದು, ಸೂರ್ಯ ಮುಳುಗಿದೊಡನೆ ಮೇಲ್ಮನೆಯವಳು ಮರದಿಂದಿಳಿದು ನೋಲಾಳ ಗುಲಾಬಿಯ ಮೊಗ್ಗುಗಳನ್ನು ತಿನ್ನಲು ಹೊರಡುವಳು. ಅಷ್ಟರಲ್ಲಿ ಝೆಪ್ಪು ಕಂಡಿಯಿಂದ ನುಗ್ಗಿ ಬೊಗಳುತ್ತ ಅಟ್ಟುವುದು. ಅವಳು ಒಂದೇ ನೆಗೆತಕ್ಕೆ ಮರವನ್ನೇರಿ, ನಾಯಿಗೆ ಎಟುಕದಷ್ಟೇ ಎತ್ತರದಲ್ಲಿ ನಿಂತು ಗಂಟಲಲ್ಲಿ ಗುರುಗುಟ್ಟುವಳು. ವರ್ಷಗಳಿಂದ ನಡೆದುಬಂದ ಆಟವಿದು. ಒಂದು ದಿನವಾದರೂ ನಾಯಿ ಗೆದ್ದದ್ದಿಲ್ಲ. ಸೋತೆನೆಂದು ಬೇಸರಿಸಿದ್ದೂ ಇಲ್ಲ.

ಕಷ್ಟ ಬಂದದ್ದು ಮರಕ್ಕೆ. ಪಾಸಮ್ ಚಿಗುರನ್ನೆಲ್ಲ ಮೇಯ್ದು ಮೇಯ್ದು, ಆ ವರ್ಷ ನೆತ್ತಿಯ ಕೊಂಬೆಗಳು ಒಣಗಿದ ಎಲುಬುಗಳಂತಾದವು. ಮರ ನೋಡಲು ಬಂದವನು, ಇನ್ನೊಂದು ಬೇಸಿಗೆಯನ್ನು ಇದು ತಾಳಲಾರದು, ಬುಡಕ್ಕೆ ತಗಡು ಸುತ್ತಿ ಪಾಸಮ್ ಹತ್ತದಂತೆ ಮಾಡಿ ಎಂದು ಹೇಳಿಹೋದನು. ಆ ಊರಿನಲ್ಲಿ ಇದು ಹೊಸದಲ್ಲ; ಉದ್ಯಾನದ ಮರಗಳಿಗೂ ತಗಡಿನ ಪಟ್ಟಿಗಳಿರುತ್ತವೆ.

"ಮೊದಲು ಅವಳಿಗೊಂದು ಪೆಟ್ಟಿಗೆ ಮಾಡಿ ಬೇರೆ ಮರಕ್ಕೆ ಕಟ್ಟು," ಎಂದಳು ನೋಲಾ. "ಮನೆ ತೋರಿಸ್ದೆ ಮನೆ ಖಾಲಿ ಮಾಡಿಸಬೇಡ."

"ಮಾಡ್ತೀನಿ. ಹಲಗೆ ಕುಯ್ದಿಟ್ಟಿದೀನಿ."

ಹಲಗೆಯನ್ನು ಕೊಯ್ದಿಟ್ಟದ್ದು ನಿಜ. ಆದರೆ ಮರಗೆಲಸದಲ್ಲಿ ಅವನಿಗೆ ರುಚಿಯಿರಲಿಲ್ಲ. ತಗಡಿನ ಕೆಲಸವೋ, ಬಹುದಿನಗಳ ಮೇಲೆ ಕೈಗೆ ಬಂದದ್ದು. ಅಲ್ಲಿ ಚಳಿಗಾಲವಾದ ಜೂನ್ ತಿಂಗಳ ಒಂದು ಶುಕ್ರವಾರ ಅವನು ಹೊಳೆಯುವ ಹೊಸ ತಗಡನ್ನು ಕೊಯ್ದು, ಅಂಚು ಮಡಚಿ, ಅರವನ್ನಾಡಿಸಿದನು. ಸಂಜೆ ಪಾಸಮ್ ಮರದಿಂದಿಳಿದು ಬೇಲಿಯ ಮೇಲೆ ಹೊರಟುಹೋಗುವುದನ್ನೇ ಕಾದಿದ್ದು, ಅದನ್ನು ಬುಡಕ್ಕೆ ಸುತ್ತಿ ಬಿಗಿದನು. ಹೆಬ್ಬೆರಳನ್ನು ಎಳೆದು ನೋಡಿದನು, ಎಲ್ಲಿಯೂ ತಡೆಯಲಿಲ್ಲ. ಒಳಗೆ ಬಂದು ಕೈ ತೊಳೆದು ವಾರ್ತೆ ನೋಡಲು ಕುಳಿತನು.

ಸ್ವಲ್ಪ ಹೊತ್ತಿಗೆ ಹಿತ್ತಿಲಿನಲ್ಲಿ ಝೆಪ್ಪು ಬೊಗಳಿತು. ದಿನದ ಆಟವೆಂದುಕೊಂಡನು. ಬೊಗಳುವುದು ಎಂದಿಗಿಂತ ದೀರ್ಘವಾಯಿತು. ಅವನು ಟೀವಿಯ ದನಿಯನ್ನು ತುಸು ಹೆಚ್ಚಿಸಿದನು. ಆಮೇಲಿನ ದಿನಗಳಲ್ಲಿ ಅವನ ಎದೆಯನ್ನು ಹೆಚ್ಚು ಹಿಂಡಿದ್ದು ತಗಡಲ್ಲ. ದನಿಯೇರಿಸಲೆಂದು ಗುಂಡಿಯೊತ್ತಿದ ಆ ಹೆಬ್ಬೆರಳು.

ಮರುದಿನ ಬೆಳಿಗ್ಗೆ ಬೇಲಿಯಾಚೆಯಿಂದ ಕಾರ್ಮೆನಾಳ ದನಿ ಕೇಳಿಸಿತು.

"ಕ್ಲೆಮ್, ಎದ್ದಿದೀಯಾ? ಸ್ವಲ್ಪ ಬಾ ಮಾರಾಯ. ನನ್ನ ನಾಯಿ ಮಾಡಬಾರದ್ದು ಮಾಡಿಬಿಟ್ಟಿದೆ."

"ಬಂದೆ," ಎಂದವನು ನೇರವಾಗಿ ಹೋಗಲಿಲ್ಲ. ಮೊದಲು ಮರದ ಬಳಿಗೆ ಹೋದನು. ತಗಡಿನ ಕೆಳಗಂಚಿನಿಂದ ಒಂದು ಮೊಳದೆತ್ತರದವರೆಗೆ ಸಣ್ಣ ಸಣ್ಣ ಗೀರುಗಳಿದ್ದವು. ಒಂದರ ಮೇಲೊಂದು, ಒಂದೇ ಜಾಗದಲ್ಲಿ, ಹತ್ತಲು ಹೋಗಿ ಜಾರಿ, ಮತ್ತೆ ಹತ್ತಲು ಹೋಗಿ ಜಾರಿ. ಉಗುರು ಸಿಕ್ಕಿಸಿಕೊಳ್ಳಲು ಒಂದು ಒರಟು ಅಂಚನ್ನಾದರೂ ಅವನು ಉಳಿಸಿರಲಿಲ್ಲ. ಯಾವ ಅಟ್ಟುವಿಕೆಯಲ್ಲಿಯೂ ಅವಳಿಗೆ ತಪ್ಪದೆ ಆಸರೆಯಾಗಿದ್ದ ಮರ, ಆ ಸಂಜೆ ಗೋಡೆಯಾಗಿ ನಿಂತಿತ್ತು.

ಮುಂದಿನದನ್ನು ಅವನ ಕೈಗಳೇ ಮಾಡಿದವು. ತಿರುಪುಗಳನ್ನು ಬಿಚ್ಚಿ, ತಗಡನ್ನು ಸುರುಳಿ ಸುತ್ತಿ, ಶೆಡ್ಡಿನಲ್ಲಿ ಪೆಟ್ಟಿಗೆಗೆಂದು ಕೊಯ್ದ ಆ ಹಲಗೆಗಳ ಹಿಂದೆ ತಳ್ಳಿಬಂದನು. ಅನಂತರ ಕಂಡಿಯಿಂದ ಆಚೆಗೆ ದಾಟಿದನು.

ಕಾರ್ಮೆನಾ ಅಂಗಳದಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದಳು. ಝೆಪ್ಪು ಮೂಲೆಯಲ್ಲಿ ಕಟ್ಟಿಹಾಕಿಸಿಕೊಂಡು ಬಾಲವನ್ನು ಮುದುರಿತ್ತು. ಅದು ಕಂಡಿಯಿಂದ ಎಳೆತಂದ ಪಾಸಮ್ ಹುಲ್ಲಿನ ಮೇಲೆ ಮಲಗಿದಂತಿತ್ತು.

"ಇಷ್ಟು ವರ್ಷ ಅವಳು ಮರ ಹತ್ತಿಬಿಡ್ತಿದ್ದಳಲ್ಲ," ಎಂದಳು ಕಾರ್ಮೆನಾ. "ನಿನ್ನೆ ಏನಾಯ್ತು?"

"ವಯಸ್ಸಾಯ್ತೋ ಏನೋ," ಎಂದನು ಕ್ಲೆಮ್.

ಸತ್ತ ಪಾಸಮ್ಮನ್ನು ಕಂಡವರು ಹೊಟ್ಟೆಯ ಚೀಲ ನೋಡದೆ ಬಿಡುವುದಿಲ್ಲ. ಅವನೂ ಮೊಣಕಾಲೂರಿ ನೋಡಿದನು. ಒಳಗೆ, ಹೆಬ್ಬೆರಳಿನಷ್ಟು ತಲೆಯ, ಇನ್ನೂ ಸರಿಯಾಗಿ ರೋಮ ಮೂಡದ ಮರಿಯೊಂದು ಮೊಲೆಯನ್ನು ಕಚ್ಚಿಕೊಂಡು ಉಸಿರಾಡುತ್ತಿತ್ತು.

ತಾಯಿಯನ್ನೂ ಮರಿಯನ್ನೂ ಟವೆಲಿನಲ್ಲಿ ಸುತ್ತಿ, ಅನಾಥ ಮರಿಗಳನ್ನು ಸಾಕುವ ಡಾರೀನ್ ಎಂಬಾಕೆಯ ಮನೆಗೆ ಅವನು ಒಯ್ದನು. ಅವಳು ಅಡಿಗೆಮನೆಯ ಮೇಜಿನ ಮೇಲೆ ದೀಪವನ್ನು ಹತ್ತಿರಕ್ಕೆಳೆದುಕೊಂಡಳು.

"ಮರೀನ ಎಳೆದು ಬಿಡಿಸಿಲ್ಲ ತಾನೇ? ಒಳ್ಳೇದು. ಎಳೆದ್ರೆ ಬಾಯೇ ಹರಿದುಹೋಗುತ್ತೆ." ತಾಯಿಯ ಮುಂಗಾಲನ್ನು ಬೆಳಕಿಗೆ ಹಿಡಿದಳು. "ಉಗುರೆಲ್ಲ ಮುರಿದಿದೆಯಲ್ಲಪ್ಪ. ಎಲ್ಲಿಗೋ ಹತ್ತೋಕೆ ಒದ್ದಾಡಿದಾಳೆ. ಹತ್ತಿರದಲ್ಲಿ ಮರ ಇರಲಿಲ್ವಾ?"

"ಇದೆ."

"ಮರ ಇದ್ದೂ ನಾಯಿಗೆ ಸಿಕ್ಕಿಬಿದ್ದಳಾ?"

"ಮುದುಕಿ ಅಲ್ವಾ," ಎಂದನು.

"ಇವಳಾ? ಹಲ್ಲು ನೋಡು, ಇನ್ನೂ ಒಳ್ಳೆ ಪ್ರಾಯ," ಎಂದ ಡಾರೀನ್ ಮರಿಯ ಕಡೆ ತಿರುಗಿದಳು. ಅವಳಿಗೆ ಅನುಮಾನವಿರಲಿಲ್ಲ. ಅನುಮಾನಿಸಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಂದು ಮಧ್ಯಾಹ್ನ ಕಂಡಿಯಿಂದ ಕಾರ್ಮೆನಾ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಬಟಾಣಿಯ ಹೂರಣ ತುಂಬಿ ಪದರು ಪದರಾಗಿ ಬೇಯಿಸಿದ ಪಸ್ತೀತ್ಸಿ, ಇನ್ನೂ ಬಿಸಿಯಾಗಿತ್ತು. "ನಿಮ್ಮ ಪಾಸಮ್ಮನ್ನ ಕೊಂದುಬಿಟ್ವಿ. ಇನ್ನೇನು ಮಾಡ್ಲಿ ಹೇಳು, ನನಗೆ ಬರೋದು ಇಷ್ಟೇ," ಎಂದು ಮೇಜಿನ ಮೇಲಿಟ್ಟು ಹೋದಳು.

ನೋಲಾ ತಟ್ಟೆಯನ್ನು ನೋಡಿದಳು. ಕಿಟಕಿಯಿಂದ ಮರವನ್ನು ನೋಡಿದಳು.

"ತಗಡೆಲ್ಲಿ?"

"ತೆಗೆದೆ."

"ಯಾವಾಗ? ಕಾರ್ಮೆನಾ ಕೂಗೋಕೆ ಮುಂಚೆನಾ, ಕೂಗಿದ ಮೇಲಾ?"

ಕ್ಲೆಮ್ ಕುರ್ಚಿಯನ್ನೆಳೆದು ಕುಳಿತನು. ಅವಳು ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು.

"ಸರಿ, ನೀನೇ ತಿನ್ನು. ನಿನ್ನ ಹತ್ರ ಕ್ಷಮೆ ಕೇಳ್ತಾ ಲಟ್ಟಿಸಿರೋ ಹಿಟ್ಟು. ನನ್ನ ಗಂಟಲಲ್ಲಿ ಇಳಿಯೋದಿಲ್ಲ."

ಅವನು ತಿಂದನು. ತಿನ್ನದೆ ಹಿಂದಿರುಗಿಸಿದರೆ ಕಾರ್ಮೆನಾ ಕಾರಣ ಕೇಳುವಳೆಂಬ ಭಯದಿಂದ ಒಂದನ್ನೂ ಬಿಡದೆ ತಿಂದನು. ಮರುದಿನ ಇನ್ನೊಂದು ತಟ್ಟೆ ಬಂದಿತು.

ಬೀದಿಯಲ್ಲಿ ಮಾತು ಹರಡಿತು. ಮೂಲೆಮನೆಯ ಆರ್ಚಿ, ಒಮ್ಮೆ ರಕ್ತದ ರುಚಿ ಕಂಡ ನಾಯಿ ಮುಂದೆ ಮಗುವಿನ ಮೇಲೂ ಹಾರುತ್ತದೆ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದನು. ಆ ಮಾತು ಕಾರ್ಮೆನಾಳ ಮಗಳು ಡೊರಿಯಾನಾಳ ಕಿವಿಗೂ ಬಿದ್ದಿತು. ಅವಳಿಗೆ ಅಂಬೆಗಾಲಿಡುವ ಮಗುವಿತ್ತು. ಆ ನಾಯಿ ಇರುವ ತನಕ ಮಗುವನ್ನು ಕರೆತರುವುದಿಲ್ಲವೆಂದು ಅವಳು ಖಂಡಿತವಾಗಿ ಹೇಳಿಬಿಟ್ಟಳು. ಮನೆಯಿಲ್ಲದ ನಾಯಿಗಳನ್ನು ಇಟ್ಟುಕೊಳ್ಳುವ ಜಾಗವೊಂದು ಊರಾಚೆಗಿತ್ತು. ಮುದಿ ನಾಯಿಯನ್ನು ಅಲ್ಲಿಂದ ಯಾರೂ ಕರೆದೊಯ್ಯುವುದಿಲ್ಲವೆಂದು ಕಾರ್ಮೆನಾಳಿಗೆ ಗೊತ್ತಿತ್ತು. ಆದ್ದರಿಂದ ತೀರ್ಮಾನಿಸಲಾರದೆ ಒದ್ದಾಡಿದಳು.

ನಾಯಿ ಮರದ ಕಡೆ ತಿರುಗಿ ಕುಯ್‌ಗುಟ್ಟಿದಾಗಲೆಲ್ಲ ಬೇಲಿಯಾಚೆ ಚಪ್ಪಲಿಯ ಏಟು ಕೇಳಿಸುತ್ತಿತ್ತು, ಅದರ ಹಿಂದೆಯೇ ಅವಳ ಅಳುವೂ. ಕ್ಲೆಮ್ ಈಚೆ ನಿಂತು ಕೇಳುವನು. ಆ ಭಾನುವಾರ ಚರ್ಚಿನಲ್ಲಿ ಎಲ್ಲರೂ ಒಟ್ಟಾಗಿ ತಪ್ಪೊಪ್ಪಿಕೊಳ್ಳುವ ಪ್ರಾರ್ಥನೆ ಬಂದಾಗ ಅವನೂ ದನಿಗೂಡಿಸಿದನು. ಎಲ್ಲರ ತಪ್ಪೂ ಅಡಗುವಷ್ಟು ವಿಶಾಲವಾಗಿದ್ದ ಆ ಮಾತುಗಳಲ್ಲಿ ತನ್ನದೊಂದನ್ನು ಬಚ್ಚಿಟ್ಟುಕೊಂಡು ಹೊರಗೆ ಬರುವುದು ಎಷ್ಟು ಸುಲಭವೆಂದು ಅವನಿಗೆ ಅಂದು ತಿಳಿಯಿತು. ದೇವರ ಮುಂದೆ ನಿಂತು ಬಂದವನಿಗೆ ನೆರೆಯವಳ ಮುಂದೆ ನಿಲ್ಲಲು ಕಾಲು ಬರಲಿಲ್ಲ.

ಮಂಗಳವಾರ ಡಾರೀನ್ ಫೋನು ಮಾಡಿದಳು. ಮರಿ ಹಾಲು ಕುಡಿಯುವುದನ್ನು ನಿಲ್ಲಿಸಿ ಬೆಳಗಿನ ಜಾವ ತೀರಿಕೊಂಡಿತ್ತು. ಕ್ಲೆಮ್ ಆ ಸುದ್ದಿಯನ್ನು ಕಂಡಿಯ ಬಳಿ ನಿಂತು ಕಾರ್ಮೆನಾಳಿಗೆ ಹೇಳಿದನು. ಅದರ ಜೊತೆಗೇ ಉಳಿದದ್ದನ್ನೂ ಹೇಳಬೇಕೆಂದು ಹೋದವನು, ಅಷ್ಟನ್ನು ಮಾತ್ರ ಹೇಳಿದನು.

"ಎರಡು ಜೀವ," ಎಂದಳು ಅವಳು. "ಸಾಕು. ನಾಳೆ ಝೆಪ್ಪೂನ ಬಿಟ್ಟುಬರ್ತೀನಿ."

ಬುಧವಾರ ಬೆಳಿಗ್ಗೆ ಅವಳು ನಾಯಿಯ ಹಾಸಿಗೆಯನ್ನು ಕಾರಿನ ಹಿಂಬದಿಯಲ್ಲಿ ಹಾಸುತ್ತಿದ್ದುದನ್ನು ಕ್ಲೆಮ್ ಕಿಟಕಿಯಿಂದ ಕಂಡನು. ಹಾಸಿದ ಕಂಬಳಿಯ ಸುಕ್ಕನ್ನು ಅವಳು ಅಂಗೈಯಿಂದ ನೇವರಿಸಿ ನೇವರಿಸಿ ಸರಿಪಡಿಸುತ್ತಿದ್ದಳು. ನೋಲಾ ಒಲೆಯ ಮುಂದಿದ್ದಳು. ತಿರುಗಿಯೂ ನೋಡಲಿಲ್ಲ. ಅವನು ಶೆಡ್ಡಿಗೆ ಹೋಗಿ ತಗಡನ್ನು ಎಳೆದು ತೆಗೆದನು. ಕಂಡಿಯಲ್ಲಿ ನುಸುಳದೆ, ಬೀದಿಯ ಕಡೆಯಿಂದ ಬಳಸಿ ಅವಳ ಗೇಟಿನೊಳಗೆ ಹೋದನು.

"ಇದೇನು?" ಎಂದಳು ಕಾರ್ಮೆನಾ.

"ಮರಕ್ಕೆ ಸುತ್ತಿದ್ದೆ. ಅವಳು ಹತ್ತದ ಹಾಗೆ."

ಅವಳು ತಗಡನ್ನು ತೆಗೆದುಕೊಂಡು ಬಿಡಿಸಿ ಹಿಡಿದಳು. ಗೀರುಗಳನ್ನು ನೋಡಿದಳು.

"ಯಾವತ್ತು?"

"ಶುಕ್ರವಾರ ಸಂಜೆ. ಅವಳು ಕೆಳಗಿಳಿದ ಮೇಲೆ."

"ಶನಿವಾರ ನಾನು ಇಲ್ಲಿ ಅಳ್ತಾ ನಿಂತಿದ್ದಾಗ ಇದೆಲ್ಲಿತ್ತು?"

"ಶೆಡ್ಡಲ್ಲಿ. ನೀನು ಕರೆದ ಮೇಲೆ ಬಿಚ್ಚಿಟ್ಟು ಬಂದೆ."

"ನಾನು ತಂದ ಪಸ್ತೀತ್ಸಿ?"

"ತಿಂದೆ."

"ಎಲ್ಲಾನೂ?"

"ಎಲ್ಲಾನೂ."

"ಉಪ್ಪು ಸರಿಯಾಗಿತ್ತಾ?"

ಕಾರಿನ ಬಾಗಿಲ ಬಳಿ ಝೆಪ್ಪು ಅವನ ಗುರುತು ಹಿಡಿದು ಬಾಲವಾಡಿಸಲು ತೊಡಗಿ, ಒಡತಿಯ ಮುಖ ನೋಡಿ ನಿಲ್ಲಿಸಿತು.

"ನೋಡ್ದೆಯಾ? ಬಾಲ ಅಲ್ಲಾಡಿಸೋಕೂ ಈಗ ನನ್ನ ಅಪ್ಪಣೆ ಕೇಳುತ್ತೆ," ಎಂದಳು ಕಾರ್ಮೆನಾ. ದನಿ ಏರಲಿಲ್ಲ. "ಮರಿಯಾಗಿದ್ದಾಗಿಂದ ಒಂದು ಏಟು ಹಾಕಿರಲಿಲ್ಲ ಇದಕ್ಕೆ. ಈಗ ದಿನಾ ಹೊಡೀತಿದೀನಿ. ನಿನಗೆ ಕೇಳಿಸ್ತಿತ್ತು."

"ಕೇಳಿಸ್ತಿತ್ತು."

"ಕಚ್ಚಿದ್ದು ನನ್ನ ನಾಯೀನೇ, ಅದನ್ನ ನೀನು ಹೊತ್ಕೊಳ್ಳೋದು ಬೇಡ. ಆದ್ರೆ ನಿನ್ನ ಪಾಲನ್ನೂ ಈ ಮೂಕಪ್ರಾಣಿ ತಲೆಗೆ ಕಟ್ಟಿದೆಯಲ್ಲ ಕ್ಲೆಮ್." ಜೇಬಿನಿಂದ ಫೋನು ತೆಗೆದಳು. "ಡೊರಿಯಾನಾಗೆ ನೀನೇ ಹೇಳು. ನಾನು ಹೇಳಿದ್ರೆ ನಾಯಿ ಉಳಿಸ್ಕೊಳ್ಳೋಕೆ ಅಮ್ಮ ಕಥೆ ಕಟ್ತಿದಾಳೆ ಅಂತಾಳೆ."

ಅವನು ಮೊದಲಿನಿಂದ ಕೊನೆಯವರೆಗೆ ಹೇಳಿದನು. ಟೀವಿಯ ದನಿಯನ್ನು ಏರಿಸಿದ್ದನ್ನೂ, ಮುದುಕಿಯೆಂದು ಸುಳ್ಳಾಡಿದ್ದನ್ನೂ ಬಿಡಲಿಲ್ಲ.

"ನಾನು ಚಿಕ್ಕವಳಿದ್ದಾಗ ನಮ್ಮ ಗೇಟಿನ ತಗಡು ತರಚುತ್ತೆ ಅಂತ ನೀವೇ ಬಂದು ಉಜ್ಜಿಕೊಟ್ಟಿದ್ರಿ," ಎಂದಳು ಡೊರಿಯಾನಾ. "ಅಮ್ಮನಿಗೆ ಫೋನ್ ಕೊಡಿ."

ತಾಯಿ ಮಗಳು ತಮ್ಮ ಭಾಷೆಯಲ್ಲಿ ಮಾತಾಡಿದರು. ಫೋನು ಇಟ್ಟ ಮೇಲೆ ಕಾರ್ಮೆನಾ ಕಾರಿನಿಂದ ಕಂಬಳಿಯನ್ನೆಳೆದು ಹೆಗಲಿಗೆ ಹಾಕಿಕೊಂಡಳು.

"ಇರಲಿ ಅಂದಳು. ಕತ್ತಲಾಗೋ ಹೊತ್ತಿಗೆ ಮಾತ್ರ ಇದನ್ನ ಹಿತ್ತಿಲಿಗೆ ಬಿಡಕೂಡದಂತೆ. ಆ ಪೊಟರೆಗೆ ಇನ್ನೊಬ್ಬಳು ಬಂದೇ ಬರ್ತಾಳೆ. ಆ ಹೊತ್ತಲ್ಲಿ ಇದನ್ನ ನಡೆಸೋ ಕೆಲಸ ನಿನ್ನದು, ದಿನಾ. ನನ್ನ ಮಂಡಿಗೆ ಆಗಲ್ಲ." ಒಳಗೆ ಹೋಗುತ್ತ ನಿಂತು, ತಿರುಗಿ ನೋಡದೆ ಹೇಳಿದಳು: "ನಾನು ಸಮಾಧಾನ ಆಗಿದೀನಿ ಅಂತ ತಿಳ್ಕೋಬೇಡ."

ಅಂದೇ ಸಂಜೆ ಕ್ಲೆಮ್ ಅವಳ ಗೇಟಿನ ಬಳಿ ನಿಂತನು. ಅವಳು ನಾಯಿಯನ್ನು ಹೊರಕ್ಕೆ ಬಿಟ್ಟು, ಹಗ್ಗದ ತುದಿಯನ್ನು ಗೇಟಿನ ಮೇಲಿಂದ ಕೊಟ್ಟು ಬಾಗಿಲು ಹಾಕಿಕೊಂಡಳು. ನಾಯಿ ಮೊದಲು ಮರದ ಕಡೆಗೆ ಎಳೆಯಿತು, ಆಮೇಲೆ ಅವನ ಹಿಂದೆ ನಡೆಯಿತು. ಮುದಿ ಕಾಲಿನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ತಗ್ಗಿಸಿಕೊಂಡು, ಚಳಿಗಾಳಿಯಲ್ಲಿ ಅವನು ಬೀದಿಯ ತಿರುವಿಗೆ ಬಂದಾಗ, ಮೂಲೆಮನೆಯ ಆರ್ಚಿ ಕಸದ ತೊಟ್ಟಿಯನ್ನು ಹೊರಗೆಳೆಯುತ್ತಿದ್ದವನು ಎರಡು ಹೆಜ್ಜೆ ಹಿಂದೆ ಸರಿದನು.

"ಇದೇ ಅಲ್ವಾ ಆ ಪಾಸಮ್ಮನ್ನ ಕೊಂದದ್ದು? ಹಗ್ಗ ಗಟ್ಟಿಯಾಗಿ ಹಿಡ್ಕೋ ಕ್ಲೆಮ್. ಅಂಥ ನಾಯೀನ ಯಾಕಪ್ಪ ಇನ್ನೂ ಇಟ್ಕೊಂಡಿದಾಳೆ ಅವಳು?"

ಕ್ಲೆಮ್ ನಿಂತನು. ನಾಯಿ ಅವನ ಕಾಲಬುಡದಲ್ಲಿ ಕುಳಿತುಕೊಂಡಿತು. ಹಗ್ಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದನು.

"ತೊಟ್ಟಿ ಅಲ್ಲೇ ಬಿಡು, ಆರ್ಚಿ," ಎಂದನು. "ಹೇಳೋದಿದೆ, ಸ್ವಲ್ಪ ಹೊತ್ತು ಹಿಡಿಯುತ್ತೆ."