ಗಾಡಿಯಿಂದ ಇಳಿಯದ ನಾಯಿ

ನಾಯಿ ತಾನಾಗಿ ಗಾಡಿ ಹತ್ತಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಟಂಟಂ ಆಟೋದ ಶಬ್ದ ಕೇಳಿದರೆ ಬಣವೆ ಹಿಂದೆ ಅಡಗುವ ನಾಯಿ ಅದು. ಟ್ರ್ಯಾಕ್ಟರಿನಲ್ಲಿ ಎತ್ತಿ ಹಾಕಿದರೆ ಜಿಗಿದು ಇಳಿದು ಮನೆಗೆ ಓಡುತ್ತಿತ್ತು. ನನ್ನ ತಮ್ಮನ ಗಾಡಿ ಮಂಠಾಳದಲ್ಲಿ ನಮ್ಮ ಅಂಗಳದ ಮುಂದೆ ನಿಂತು ಹಿಂದಿನ ಬಾಗಿಲು ತೆರೆದದ್ದೇ ತಡ, ಯಾರೂ ಕರೆಯದೆ ಒಳಗೆ ಹೋಗಿ ಮಲಗಿತು.

"ನೋಡಕ್ಕಾ, ನಿನಗಿಂತ ನಾಯಿ ಶಾಣ್ಯಾ ಅದ," ಎಂದ ತಮ್ಮ. "ನೀ ಇನ್ನಾ ಬರ್ಲೋ ಬ್ಯಾಡೋ ಅಂತ ಹೊಸ್ತಲದಾಗೇ ನಿಂತೀದಿ."

ತಮ್ಮ ಬದುಕೆಲ್ಲ ಲಾರಿ ಓಡಿಸಿದವನು. ಮನೆಯಲ್ಲಿ ಮಲಗಿದರೆ ನಿದ್ದೆ ಬರುವುದಿಲ್ಲ ಎನ್ನುತ್ತಾನೆ. ಲಾರಿ ಬಿಟ್ಟ ಮೇಲೆ ಫೋನಿನಲ್ಲಿ ಯಾರೋ ಪರದೇಶದವರು ಗಾಡಿಯಲ್ಲೇ ಸಂಸಾರ ಹೂಡಿ, ನಾಯಿ ಕಟ್ಟಿಕೊಂಡು ಊರೂರು ತಿರುಗುವುದನ್ನು ನೋಡಿದನಂತೆ. ಗುಜರಿಯಿಂದ ಒಂದು ಹಳೆಯ ಗಾಡಿ ತಂದು ಹಸಿರು ಬಣ್ಣ ಹೊಡೆದ. ಒಳಗೆ ಒಂದು ಮಂಚ, ಸಣ್ಣ ಸಿಲಿಂಡರಿನ ಒಲೆ, ನೀರಿನ ಡ್ರಮ್ಮು, ಕಿಟಕಿಗೆ ನನ್ನವೇ ಹಳೆಯ ಸೀರೆಗಳ ಪರದೆ. ನೆಲಕ್ಕೆ ಪ್ಲಾಸ್ಟಿಕ್ ಚಾಪೆ. ಹುಮನಾಬಾದ, ಚಿಟಗುಪ್ಪ, ಹಾಗೇ ಶ್ರೀಶೈಲದವರೆಗೆ ಹೋಗಿಬರೋಣ ಎಂದ. ನಾನು ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಹೆಂಗಸು. ಆದರೂ ಹ್ಞೂಂ ಎಂದೆ. ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು?

ನಾಯಿ ಬರಲೇಬೇಕಾಗಿತ್ತು. ಅದು ನನ್ನ ಗಂಡನ ನಾಯಿ. ಅದಕ್ಕೆ ಹೆಸರಿಲ್ಲ, ಅವರು ನಾಲಿಗೆ ಲೊಚಗುಟ್ಟಿದರೆ ಬರುತ್ತಿತ್ತು. ಅವರು ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಅದು ನನ್ನ ಕೈಯ ರೊಟ್ಟಿಯನ್ನು ಬಿಟ್ಟರೆ ಬೇರೆಯವರು ಹಾಕಿದ್ದನ್ನು ಮೂಸುವುದೂ ಇಲ್ಲ. ನನಗೆ ನಾಯಿಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಹಾಕುತ್ತೇನೆ, ತಿನ್ನುತ್ತದೆ, ಅಷ್ಟೇ ನಮ್ಮ ಲೆಕ್ಕ.

ಆ ದಿನ ಬಸವಕಲ್ಯಾಣ ದಾಟಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ತಮ್ಮ ಹಿಂದಿನ ಬಾಗಿಲು ತೆರೆದ. ಅದು ಬಾಣಂತಿಯ ಕೂಸಿನ ಹಾಗೆ ಕಿರ್ರನೆ ಅಳುವ ಬಾಗಿಲು. ನಾಯಿ ಎದ್ದು ನಿಂತಿತು. ಇಳಿಯಲಿಲ್ಲ. ಪಕ್ಕಕ್ಕೆ ಸರಿದು, ತಗಡಿಗೆ ಮೈ ಒತ್ತಿಕೊಂಡು, ಒಳಗಿನ ಖಾಲಿ ಮಂಚದ ಕಡೆ ತಿರುಗಿ ನೋಡಿತು. ನಾವು ಓಣಿಯಲ್ಲಿ ಹಿರಿಯರು ಬಂದರೆ ಗೋಡೆಗೆ ಸರಿದು ದಾರಿ ಬಿಡುವುದಿಲ್ಲವೇ, ಹಾಗೆ. ಸ್ವಲ್ಪ ಹೊತ್ತು ಕಾದು ಮತ್ತೆ ಅದೇ ಜಾಗದಲ್ಲಿ ಮಲಗಿತು.

ರೊಟ್ಟಿ ಮುರಿದು ಮುಂದಿಟ್ಟೆ. ಮೂಸಲಿಲ್ಲ. ನೀರು ಇಟ್ಟೆ. ಮುಖ ತಿರುಗಿಸಿತು.

"ಹೊಸ ಜಾಗಾ ಅಲ್ಲೇನು, ನಾಚಾಕತ್ತದ," ಎಂದ ತಮ್ಮ.

"ನಿನ್ನ ಮದುವ್ಯಾಗ ನೀನೂ ನಾಚಿದ್ದಿ. ಊಟ ಬಿಟ್ಟಿದ್ದೇನು?"

ಮರುದಿನವೂ ಅದೇ. ಬಾಗಿಲು ತೆರೆದಾಗಲೆಲ್ಲ ಎದ್ದು ದಾರಿ ಬಿಡುವುದು, ನೋಡುವುದು, ಕಾಯುವುದು, ಮಲಗುವುದು. ಉಚ್ಚೆಗೂ ಇಳಿಯಲಿಲ್ಲ. ನಾವಿಬ್ಬರೂ ಹಿಡಿದು ಎಳೆದರೆ ಹಲ್ಲು ತೋರಿಸಿತು. ನನಗೆ ಎಂದೂ ಹಲ್ಲು ತೋರಿಸಿದ ನಾಯಿಯಲ್ಲ. ಬಿಸಿಲು ತಗಡನ್ನು ಕಾಯಿಸುತ್ತಿತ್ತು. ಅದರ ಮೂಗು ಒಣಗಿ ಬಿರುಕು ಬಿಟ್ಟಿತ್ತು. ಹೀಗೇ ಇದ್ದರೆ ಇದು ದಾರಿಯಲ್ಲೇ ಸಾಯುತ್ತದೆ ಎಂದು ನನಗೆ ಗೊತ್ತಾಯಿತು. ಅವರು ಬಿಟ್ಟುಹೋದದ್ದರಲ್ಲಿ ಜೀವ ಇರುವುದು ಅದೊಂದೇ. ಅದು ನನ್ನ ಕಣ್ಣ ಮುಂದೆ ಸಾಯುವುದು ನನಗೆ ಬೇಕಿರಲಿಲ್ಲ.

ಹುಮನಾಬಾದ ಸಮೀಪಿಸುವಾಗ ಗಾಡಿಯೊಳಗೆ ಡೀಸೆಲ್ ವಾಸನೆ ಹತ್ತಿತು. ಗ್ಯಾರೇಜಿಗೆ ಬಿಟ್ಟೆವು. ಮಿಸ್ತ್ರಿ ಪೈಪು ನೋಡಬೇಕೆಂದು ಹಿಂದೆ ಹತ್ತಿ ಚಾಪೆ ಎತ್ತಿದ. ನಾಯಿ ಗುರ್ರೆಂದಿತು.

"ಅಮ್ಮಾ, ನಿಮ್ಮ ನಾಯಿಗಿ ಹೇಳ್ರಿ. ನಾ ಪೈಪ್ ನೋಡಾಕ ಬಂದೀನಿ, ಹೆಣ್ಣ ನೋಡಾಕ ಬಂದಿಲ್ಲ."

ನಗಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಚಾಪೆಯ ಕೆಳಗೆ, ನಾಯಿ ಮಲಗುತ್ತಿದ್ದ ಜಾಗದಲ್ಲೇ, ತೂತು ಬಿದ್ದ ನೆಲಕ್ಕೆ ಎಣ್ಣೆ ಡಬ್ಬಿಯ ತಗಡೊಂದನ್ನು ಬಡಿದಿದ್ದರು. ತಗಡಿನ ಮೇಲೆ ಹಳದಿ ಸೂರ್ಯಕಾಂತಿ ಹೂವು. ಹೂವಿನ ನಡುವೆ ಒಂದು ಮೊಳೆ.

ಆ ಹೂವನ್ನು ನಾನು ನೋಡಿದ್ದೆ. ತೀರಿಕೊಂಡ ನನ್ನ ಗಂಡನನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ಗಾಡಿಯ ಬಾಗಿಲು ತೆರೆದಾಗ ಅವರ ಮುಖ ನೋಡಲಾಗದೆ ನಾನು ನೆಲ ನೋಡಿದ್ದೆ. ಅಲ್ಲಿ ಇದೇ ಹೂವು, ಇದೇ ಮೊಳೆ. ಅವರನ್ನು ಇಳಿಸಿಕೊಂಡ ಮೇಲೆ ನಾಯಿ ಒಳಗೆ ಹತ್ತಿ ಕೂತಿತ್ತು. ಡ್ರೈವರ್ ಕೋಲು ತಗೊಂಡು ಓಡಿಸಿದ್ದ. ಗಾಡಿ ಹೊರಟಾಗ ಅದರ ಹಿಂದೆ ಬಹಳ ದೂರ ಓಡಿತ್ತು.

"ತಮ್ಮಾ, ಎಂಥಾ ಗಾಡಿ ತಂದೀಯೋ ಇದು?"

ಅವನು ಹಿಂದೆ ಬಂದು ತಗಡು ನೋಡಿದ, ನನ್ನನ್ನು ನೋಡಿದ. "ಆಸ್ಪತ್ರಿ ಗಾಡಿ ಅಂತ ಗೊತ್ತಿತ್ತಕ್ಕಾ. ಹೇಳಿದ್ರ ನೀ ಹತ್ತಂಗಿಲ್ಲ ಅಂತ ಹೇಳ್ಲಿಲ್ಲ. ಮಾವನ್ನ ತಂದಿದ್ದು ಇದೇ ಅಂತ ದೇವರಾಣಿ ಗೊತ್ತಿರ್ಲಿಲ್ಲ. ನಾ ಆವಾಗ ಲಾರಿ ಮ್ಯಾಲ ಇದ್ದೆ."

ಅವನ ಮಾತು ಸುಳ್ಳಲ್ಲ. ಮಣ್ಣಿಗೂ ಅವನಿಗೆ ಬರಲಾಗಿರಲಿಲ್ಲ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಪರ ಊರಲ್ಲಿ ತೀರಿಕೊಂಡವರನ್ನು ಮನೆಗೆ ತರುವಾಗ ಒಬ್ಬರು ಪಕ್ಕದಲ್ಲೇ ಕೂತು ದಾರಿ ಹೇಳುತ್ತ ಬರಬೇಕು. ಹಳ್ಳ ಬಂತು, ಇಂಥ ಊರು ಬಂತು, ಈಗ ಹೊರಳುತ್ತೇವೆ, ಮನೆ ಬಂತು, ಇಳಿಯಿರಿ. ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ, ಕೂತಲ್ಲೇ ಕೂತಿರುತ್ತಾರೆ ಎನ್ನುತ್ತಾರೆ. ನಮ್ಮತ್ತೆಯನ್ನು ಬಂಡಿಯಲ್ಲಿ ತರುವಾಗ ನನ್ನ ಗಂಡ ಗಂಟಲು ಹರಿಯುವ ಹಾಗೆ ಹೇಳಿಕೊಂಡು ಬಂದಿದ್ದರು.

ಅವರನ್ನು ಆಸ್ಪತ್ರೆಯಿಂದ ತಂದವನು ನನ್ನ ಮಗ. ಊರಲ್ಲಿದ್ದ ಅವನಿಗೆ ತಮ್ಮನಿಂದ ಫೋನು ಹಚ್ಚಿಸಿದೆ. "ನಿಮ್ಮಪ್ಪನ್ನ ತರೂ ದಿನ ದಾರಿ ಯಾರು ಹೇಳಿದ್ರೋ?"

"ಯಾವ ದಾರಿ? ಡ್ರೈವರಗ ಗೊತ್ತಿತ್ತಲ್ಲ ಅವ್ವಾ."

"ಡ್ರೈವರಗ ಅಲ್ಲೋ. ನಿಮ್ಮಪ್ಪಗ."

"ನಾ ಮುಂದ ಕುಂತಿದ್ದೆ. ಫೋನ್ ಮ್ಯಾಲ ಫೋನ್ ಬರಾಕತ್ತಿದ್ವು. ಹಿಂದ ಯಾರೂ ಇರ್ಲಿಲ್ಲವ್ವಾ."

ಬೈಯಲಿಲ್ಲ. ಬೈದು ಆಗುವುದೇನು? ಫೋನು ತಮ್ಮನ ಕೈಗೆ ಕೊಟ್ಟು, "ಗಾಡಿ ಹೊಳ್ಳಸು," ಎಂದೆ.

"ಇನ್ನಾ ಚಿಟಗುಪ್ಪಾನೂ ಮುಟ್ಟಿಲ್ಲಲ್ಲಕ್ಕಾ! ಶ್ರೀಶೈಲ?"

"ಮಲ್ಲಯ್ಯ ಎಲ್ಲಿಗೂ ಓಡಿ ಹೋಗಂಗಿಲ್ಲ. ಹೊಳ್ಳಸು."

ಪೈಪು ಸರಿಯಾದ ಮೇಲೆ ಹೊರಟೆವು. ನಾನು ಹಿಂದೆ ನಾಯಿಯ ಪಕ್ಕದಲ್ಲಿ ನೆಲಕ್ಕೆ ಕೂತೆ. ಖಾಲಿ ಮಂಚಕ್ಕೆ ಏನು ಹೇಳುವುದು? ಆಮೇಲೆ ಅವರು ಬದುಕಿದ್ದಾಗ ಮಾತಾಡುತ್ತಿದ್ದ ಹಾಗೇ ಶುರು ಮಾಡಿದೆ.

"ಕೇಳಾಕತ್ತೀರೇನ್ರಿ? ಹುಮನಾಬಾದ ದಾಟೀವಿ. ಮುಂದ ಕಬ್ಬಿನ ಟ್ರ್ಯಾಕ್ಟರ್ ಅದ, ಅದಕ್ಕ ಮೆಲ್ಲಗ ಹೊಂಟೀವಿ. ನನಗ ಬೈಬ್ಯಾಡ್ರಿ."

ರಾಜೇಶ್ವರ ಬಂತು ಎಂದೆ. ಸಸ್ತಾಪುರ ಬಂಗ್ಲಾ ಬಂತು, ಎಡಕ್ಕೋ ಬಲಕ್ಕೋ ನನಗೆ ತಿಳಿಯದು, ನಿಮಗೇ ಗೊತ್ತು ಎಂದೆ. ಬಸವಕಲ್ಯಾಣ ಬಂತು, ಕೋಟೆ ಕಾಣುತ್ತದೆ ಎಂದೆ. ಒಂದೊಂದು ಹೆಸರಿಗೂ ನಾಯಿಯ ಕಿವಿ ನಿಮಿರುತ್ತಿತ್ತು. ಮುಂದೆ ತಮ್ಮ ಹಾಡು ಗುನುಗುವುದನ್ನು ನಿಲ್ಲಿಸಿದ್ದ.

ಮಂಠಾಳದಲ್ಲಿ ಮನೆ ಮುಂದೆ ಗಾಡಿ ನಿಂತಿತು. ಮಗ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದ. ಬಾಗಿಲು ಕಿರ್ರೆಂದಿತು. "ಮನಿ ಬಂತ್ರಿ. ಇಳೀರಿ," ಎಂದೆ.

ನಾಯಿ ಎದ್ದಿತು. ಪಕ್ಕಕ್ಕೆ ಸರಿಯಿತು. ಮಂಚ ನೋಡಿತು. ಮತ್ತೆ ಮಲಗಿತು. ಈ ಸಲ ಕಾಲು ನಡುಗಿ ದೊಪ್ಪನೆ ಬಿದ್ದಂತೆ ಮಲಗಿತು.

"ಅಕ್ಕಾ, ಡಾಕ್ಟರಿಗಿ ತೋರ್ಸೋಣು," ಎಂದ ತಮ್ಮ. ಮಗ ನನ್ನ ಮುಖ ನೋಡಲಿಲ್ಲ.

ಆಗ ನನಗೆ ಹೊಳೆಯಿತು. ಆ ಮನುಷ್ಯ ಎಂದು ನೆಟ್ಟಗೆ ಮನೆಗೆ ಬಂದಿದ್ದರು? ಯಾವ ಊರಿಂದ ಬರಲಿ, ಬಸ್ಸಿರಲಿ, ಜೀಪಿರಲಿ, ಊರ ಹೊರಗೆ ನಮ್ಮ ಹೊಲದ ಬೋರಿನ ತಿರುವಿನಲ್ಲಿ ಇಳಿದುಬಿಡುತ್ತಿದ್ದರು. ಮೊದಲು ಹೊಲ, ಆಮೇಲೆ ಮನೆ. ಇದಕ್ಕೆ ನಾನು ಆಡಿದ ಜಗಳಕ್ಕೆ ಲೆಕ್ಕವಿಲ್ಲ. ಕೊನೆಯ ಸಲ ಮಾತ್ರ ಆ ತಿರುವಿನಲ್ಲಿ ಯಾರೂ ಗಾಡಿ ನಿಲ್ಲಿಸಿರಲಿಲ್ಲ. ಮಣ್ಣು ಮಾಡಿದ್ದೂ ಊರ ಆಚೆ ಬದಿಗೆ.

"ಬೋರಿನ ತಿರುವಿಗಿ ನಡಿ," ಎಂದೆ.

ಸಂಜೆಯ ಬಿಸಿಲು ತೊಗರಿ ಕಟಾವಾದ ಹೊಲದ ಮೇಲೆ ಬಿದ್ದಿತ್ತು. ತಮ್ಮ ಬಾಗಿಲು ತೆರೆದ. ನಾನು ಬಾಯಿ ತೆರೆಯಲಿಲ್ಲ. ಅಲ್ಲಿ ಇಳಿಯಲು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

ನಾಯಿ ಎದ್ದು ತಗಡಿಗೆ ಒತ್ತಿಕೊಂಡಿತು. ಮಂಚ ನೋಡಿತು. ಅದರ ತಲೆ ಮೆಲ್ಲಗೆ ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಹೊರಗೆ ತಿರುಗಿತು. ಎದುರಿಗೆ ಯಾರಾದರೂ ದಾಟಿ ಹೋದರೆ ತಿರುಗುವ ಹಾಗೆ. ಆಮೇಲೆ ಕೆಳಗೆ ಜಿಗಿಯಿತು. ಬದುವಿನ ಮೇಲೆ ನಡೆಯಿತು. ಓಡಲಿಲ್ಲ, ಅವರು ಬದುಕಿದ್ದಾಗ ಹಿಂದೆ ಹೋಗುತ್ತಿದ್ದ ನಡಿಗೆ, ಮುಂದೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು. ಬೋರಿನ ತೊಟ್ಟಿ ಹತ್ತಿರ ನಿಂತು, ತಲೆ ಎತ್ತಿ ಸ್ವಲ್ಪ ಹೊತ್ತು ನೋಡಿ, ನೀರಿಗೆ ಬಾಯಿ ಹಾಕಿತು. ಬಹಳ ಹೊತ್ತು ಕುಡಿಯಿತು.

ನಾನು ಕಂಡದ್ದು ನಾಯಿಯನ್ನಷ್ಟೇ. ಬೇರೆ ಏನನ್ನೂ ಕಂಡೆನೆಂದು ಹೇಳುವುದಿಲ್ಲ.

ಈಗ ಅದು ರೊಟ್ಟಿ ತಿನ್ನುತ್ತದೆ. ಗಾಡಿ ಹತ್ತುವುದಿಲ್ಲ, ಶಬ್ದ ಕೇಳಿದರೆ ಬಣವೆ ಹಿಂದೆ ಹೋಗುತ್ತದೆ. ತಮ್ಮ ಆಗಾಗ ಬಂದು ಶ್ರೀಶೈಲದ ಮಾತು ಎತ್ತುತ್ತಾನೆ. ನಮ್ಮೂರಿಗೆ ಬರುವಾಗ ಬೋರಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆರೆದು, ಒಂದು ಬೀಡಿ ಸೇದಿ, ಆಮೇಲೆ ಮುಚ್ಚಿಕೊಂಡು ಬರುತ್ತಾನೆ.