ಹಿತ್ತಿಲ ಜಗಲಿಯ ಓದು

ಮರಿಮೊಮ್ಮಗಳು ತಲೆನೋವೆಂದು ಬಾಗಿಲು ಹಾಕಿಕೊಂಡು ಮೊಬೈಲ್ ನೋಡುತ್ತಾಳೆ. ಕಾಲ ಕೆಟ್ಟಿತು ಎಂದು ಅವಳಮ್ಮ ಗೊಣಗುತ್ತಾಳೆ. ಕಾಲದ ಮೇಲೆ ಯಾಕೆ ಹಾಕಬೇಕು? ಮೊಬೈಲ್ ಇಲ್ಲದ ಕಾಲದಲ್ಲಿ ನಾನು ಇದಕ್ಕಿಂತ ದೊಡ್ಡ ಸುಳ್ಳು ಹೇಳಿದ್ದೇನೆ.

ನಾನು ಓದಿದ್ದು ಮೂರನೇ ಕ್ಲಾಸು. ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಯ ಓಲ್ಡ್ ಟೌನಿಗೆ ಬಂದೆ. ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ಕಾದಂಬರಿ ಕೊಡುತ್ತಿದ್ದರು. ಅಕ್ಷರ ಕೂಡಿಸಿ ಓದುವವಳು ನಾನು. ಒಂದು ಪುಟ ಮುಗಿಯುವಷ್ಟರಲ್ಲಿ ಅನ್ನ ಸೀದಿರುತ್ತಿತ್ತು. ಎರಡನೇ ಮಹಾಯುದ್ಧದ ವರ್ಷಗಳು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಓದಿದರೆ ಹಗಲಿನಲ್ಲೇ ಓದಬೇಕು. ಮುಟ್ಟಾದ ಮೂರು ದಿನ ಮಾತ್ರ ಹಿತ್ತಿಲ ಜಗಲಿಯಲ್ಲಿ ಕೂರಿಸುತ್ತಿದ್ದರು, ಮನೆಗೆಲಸವಿಲ್ಲ. ಸೆರಗಿನಡಿ ಪುಸ್ತಕ ಇಟ್ಟುಕೊಂಡು ಹೋಗುತ್ತಿದ್ದೆ.

ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿರಲಿಲ್ಲ. ಅತ್ತೆ ಸೋಮವಾರ ಉಪವಾಸ ಹಿಡಿದಿದ್ದರು. ನಾನು ಜಗಲಿಗೆ ಹೋದಾಗಲೆಲ್ಲ ಅವರ ಮುಖ ಇಳಿಯುತ್ತಿತ್ತು.

ಒಂದು ತಿಂಗಳು ಮುಟ್ಟಾಗಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಆದರೆ ಕಾದಂಬರಿಯಲ್ಲಿ ನಾಯಕಿಯನ್ನು ಆಗಷ್ಟೇ ಹೊಳೆಗೆ ದೂಡಿದ್ದರು.

"ಅತ್ತೆ, ನಾನು ಹೊರಗೆ" ಎಂದೆ.

ಅವರು ಮಂಡಿನೋವಿನಲ್ಲೇ ಕೊಡ ಎತ್ತಿಕೊಂಡು ನೀರಿಗೆ ಹೋದರು. ನಾನು ಪುಟ ತಿರುವಿದೆ. ಮುಂದಿನ ತಿಂಗಳು ಎರಡನೇ ಭಾಗ ಸಿಕ್ಕಿತು, ಮತ್ತದೇ ಸುಳ್ಳು.

ಅದಾಗಿ ವಾರಕ್ಕೆ ಒಗ್ಗರಣೆ ವಾಸನೆಗೆ ವಾಂತಿಯಾಯಿತು. ಅತ್ತೆ ಸೂಲಗಿತ್ತಿಯನ್ನು ಕರೆಸಿದರು. ಅವಳು ಹೊಟ್ಟೆ ಮುಟ್ಟಿ ನೋಡಿ, "ಮೂರನೇ ತಿಂಗಳು ಬಿತ್ತಲ್ರೀ" ಎಂದಳು.

"ಅದೆಂಗೆ? ಹೋದ ವಾರ ಹೊರಗೆ ಕೂತಿದ್ಲಲ್ಲ. ಅದರ ಹಿಂದಿನ ತಿಂಗಳೂ ಕೂತಿದ್ಲು."

"ಎರಡು ಸಲ ಹೋಗಿದೆಯಾ? ಹಂಗಾದ್ರೆ ಕೆಟ್ಟಿರುತ್ತೆ ಕಣಮ್ಮ. ಕಷಾಯ ಕೊಟ್ಟು ಇಳಿಸಿಬಿಡೋದು ವಾಸಿ."

ಅತ್ತೆ ಗೋಡೆ ಹಿಡಿದು ಕೂತರು. ಸೂಲಗಿತ್ತಿ ಬೇರು ತರಲು ಎದ್ದಳು. ಆಗ ಬಾಯಿಬಿಟ್ಟೆ.

"ಏನೂ ಹೋಗಿಲ್ಲ. ಕೂತಿದ್ದು ಸುಳ್ಳು. ಓದೋಕೆ ಕೂತಿದ್ದೆ."

ಸೂಲಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅತ್ತೆ ನಗಲಿಲ್ಲ. "ಎರಡು ತಿಂಗಳು ಒಲೆ ಮುಂದೆ ಕೂತು ಅತ್ತಿದ್ದೀನಲ್ಲೇ ಮಾರಾಯ್ತಿ, ನಿನ್ನ ಪುಸ್ತಕಕ್ಕೆ!" ಎಂದವರೇ ಹಿತ್ತಿಲಿಗೆ ಹೋಗಿ, ಸೌದೆಯ ಸಂದಿಯಲ್ಲಿದ್ದ ಪುಸ್ತಕ ಹುಡುಕಿ ಮೇಷ್ಟ್ರ ಮನೆಗೆ ಕೊಟ್ಟು ಬಂದರು. ಹನ್ನೆರಡು ಪುಟ ಉಳಿದಿತ್ತು.

ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಅತ್ತೆ ಅವಳನ್ನು ತೊಡೆಯಿಂದ ಕೆಳಗಿಳಿಸುತ್ತಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಮಲಗಿ ನಾನು ಯೋಚಿಸುತ್ತಿದ್ದುದು ಆ ಹನ್ನೆರಡು ಪುಟಗಳ ಬಗ್ಗೆ.